ಡಬ್ಬದ ಮೇಲಿನ ಚದರಡಿ ನೋಡಿ ಏರ್ ಪ್ಯೂರಿಫೈಯರ್ ಕೊಳ್ಳಬೇಡಿ

ನಮ್ಮದು ಮಡಿಕೇರಿಯ ಹಳೇ ಹೆಂಚಿನ ಮನೆ. ಅತ್ತೆಯವರಿಗೆ ಉಬ್ಬಸ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗೋಡೆ, ಬೀರು, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಕಕ್ಕಡ (ಆಗಸ್ಟ್ ನಡುವಿನವರೆಗಿನ ಕೊಡಗಿನ ಮಳೆ ತಿಂಗಳು) ಕಳೆಯುವವರೆಗೂ ಅವರು ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರುತ್ತಿದ್ದರು. ಅದಕ್ಕಾಗಿ ತಂದ ಯಂತ್ರ ಇದು. ಕೆಲವು ಮಳೆಗಾಲ ದಾಟಿದೆ, ಈಗ ಬರೆದರೆ ಉಪಯೋಗಕ್ಕೆ ಬಂದೀತು.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 400 ಚದರಡಿ ಕೋಣೆಗೆ ಸಾಕು ಎಂದಿದೆ. ಈ ಸಂಖ್ಯೆಯ ಮೇಲೆ ನನಗೆ ನಿಜಕ್ಕೂ ಸಿಟ್ಟು. ಗಾಳಿಯೇನು ನೆಲಕ್ಕೆ ಹಾಸಿದ ಚಾಪೆಯೇ? ಇಂಥ ಲೆಕ್ಕದಲ್ಲಿ ಸಾಮಾನ್ಯವಾಗಿ ಸೀಲಿಂಗ್ 8 ಅಡಿ ಎತ್ತರ ಎಂದಿಟ್ಟುಕೊಳ್ಳುತ್ತಾರೆ, ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ಓಡುತ್ತಿದೆ ಎಂದೂ ಇಟ್ಟುಕೊಳ್ಳುತ್ತಾರೆ. ಕೊಡಗಿನ ಹಳೇ ಮನೆಗಳಲ್ಲಿ 8 ಅಡಿ ಸೀಲಿಂಗ್ ಎಲ್ಲಿದೆ? ಪೂರ್ತಿ ಸ್ಪೀಡಿನ ಸದ್ದಿನಲ್ಲಿ ಮಲಗುವುದಾದರೂ ಹೇಗೆ?

ನೋಡಬೇಕಾದದ್ದು ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದು. ಅತ್ತೆಯವರ ಕೋಣೆ 14 ಅಡಿ ಉದ್ದ, 12 ಅಡಿ ಅಗಲ, ಹಲಗೆ ಸೀಲಿಂಗ್ 11 ಅಡಿ ಎತ್ತರದಲ್ಲಿದೆ. ಗುಣಿಸಿದರೆ 1,848 ಘನ ಅಡಿ, ಸುಮಾರು 52 ಘನ ಮೀಟರ್. ಉಬ್ಬಸದವರಿರುವ ಕೋಣೆಯ ಗಾಳಿ ಗಂಟೆಗೆ ಐದು ಸಲವಾದರೂ ಸೋಸಿ ಬರಲಿ ಎಂದರೆ 260 ಬೇಕು. ಇದೇ ಕೋಣೆ 8 ಅಡಿ ಎತ್ತರವಿದ್ದಿದ್ದರೆ 190 ಸಾಕಾಗುತ್ತಿತ್ತು. ಹಾಗಂತ 260ರದ್ದನ್ನೇ ತಂದರೆ ಅದು ರಾತ್ರಿಯಿಡೀ ಅಬ್ಬರಿಸುತ್ತಲೇ ಇರಬೇಕು. ನಾನು 380ರದ್ದು ತಂದು ನಡುವಿನ ಸ್ಪೀಡಿನಲ್ಲಿ ಓಡಿಸುತ್ತೇನೆ. ಹದಿಮೂರು ಸಾವಿರ ಆಯಿತು. ನಮ್ಮ ಕೈಗೆ ಅದು ದೊಡ್ಡ ಮೊತ್ತವೇ, ಆದರೂ ಚಿಕ್ಕದಕ್ಕೆ ಒಂಬತ್ತು ಸಾವಿರ ಕೊಟ್ಟು ಸದ್ದಿಗೆ ಹೆದರಿ ಆರಿಸಿಡುವುದಕ್ಕಿಂತ ಇದೇ ಮೇಲು.

ಸಂಜೆ ಇಬ್ಬನಿ ಇಳಿಯುವ ಮುಂಚೆ ಕಿಟಕಿ ಮುಚ್ಚುತ್ತೇನೆ, ಬಚ್ಚಲ ಒಲೆಯ ಹೊಗೆ ಬರುವ ಬಾಗಿಲನ್ನೂ ಎಳೆದುಕೊಳ್ಳುತ್ತೇನೆ. ಊಟಕ್ಕೆ ಕೂರುವಾಗ ಪೂರ್ತಿ ಸ್ಪೀಡು, ಅತ್ತೆ ಮಲಗಲು ಹೋಗುವಾಗ ನಡುವಿನ ಸ್ಪೀಡಿಗೆ. ಭಾನುವಾರ ಹೊರಗಿನ ಜಾಲರಿ ಬಿಚ್ಚಿ ಒಣ ಪೇಂಟ್ ಬ್ರಷ್‌ನಿಂದ ಧೂಳು ಕೊಡವುತ್ತೇನೆ. ಮಳೆಗಾಲದಲ್ಲಿ ತೊಳೆಯುವುದಿಲ್ಲ, ಏಕೆಂದರೆ ಒಣಗುವುದೇ ಇಲ್ಲ. ಒದ್ದೆಯಾಗಿಯೇ ಹಾಕಿದರೆ ಫಿಲ್ಟರಿನಲ್ಲೇ ಬೂಷ್ಟು ಕಟ್ಟುತ್ತದೆ.

ಫಲ ಸಿಕ್ಕಿದೆಯೇ ಎಂದರೆ, ಸಿಕ್ಕಿದೆ. ಒಳಗಿನ ಹೆಪಾ ಫಿಲ್ಟರ್ (ತೀರಾ ಸಣ್ಣ ಕಣ ಹಿಡಿಯುವ ಫಿಲ್ಟರ್) 0.3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕಣವನ್ನೇ 99.97% ಹಿಡಿಯುತ್ತದೆ, ಬೂಷ್ಟಿನ ಬೀಜಕಣ ಅದಕ್ಕಿಂತ ಎಷ್ಟೋ ದೊಡ್ಡದು. ಅತ್ತೆ ಈಗ ಕಾಲು ಚಾಚಿ ಮಲಗುತ್ತಾರೆ. ಇನ್‌ಹೇಲರ್ ನಿಲ್ಲಿಸಿಲ್ಲ, ಡಾಕ್ಟರ್ ಹೇಳದೆ ನಿಲ್ಲಿಸುವುದೂ ಇಲ್ಲ. ಗೋಡೆಯ ಬೂಷ್ಟು ಮಾತ್ರ ಹಾಗೇ ಇದೆ. ಅದು ತೇವದ ಸಮಸ್ಯೆ, ಈ ಯಂತ್ರ ತೇವ ಎಳೆಯುವುದಿಲ್ಲ. ಅದಕ್ಕೆ ಡಿಹ್ಯೂಮಿಡಿಫೈಯರ್ ಬೇರೆಯೇ ಬೇಕು.

ಆಟೋ ಮೋಡ್ ನಮ್ಮೂರಿಗೆ ಆಗಿಬರುವುದಿಲ್ಲ. ಸೆನ್ಸರ್ ಬೆಳಕು ಚದುರುವುದನ್ನು ನೋಡಿ ಕಣ ಎಣಿಸುತ್ತದೆ, ಮಂಜಿನ ಹನಿಯನ್ನೂ ಧೂಳೆಂದೇ ಲೆಕ್ಕ ಹಿಡಿಯುತ್ತದೆ. ಜುಲೈಯಲ್ಲಿ ಕಿಟಕಿ ತೆಗೆದರೆ ಸಾಕು, ಕೆಂಪು ದೀಪ ಹೊತ್ತಿ ಫ್ಯಾನ್ ಕಿರುಚುತ್ತದೆ.

ಸಹಿಸಲಾಗದ ದೋಷ ಒಂದೇ. ಕರೆಂಟ್ ಹೋಗಿ ಬಂದರೆ ಇದು ತಾನಾಗಿ ಶುರುವಾಗುವುದಿಲ್ಲ, ಎದ್ದು ಹೋಗಿ ಬಟನ್ ಮುಟ್ಟಬೇಕು. ಗಾಳಿಮಳೆಗೆ ಮರ ಬಿದ್ದು ರಾತ್ರಿಗೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ ಎಪ್ಪತ್ತು ದಾಟಿದವರು ಕತ್ತಲಲ್ಲಿ ಏಳಬೇಕೇ? ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ ಯುಪಿಎಸ್ ಲೈನಿಗೆ ಹಾಕಿಸಿದೆ. 45 ವ್ಯಾಟ್ ಅಷ್ಟೇ, ಫ್ಯಾನಿನ ಜೊತೆ ನಿಭಾಯಿಸುತ್ತದೆ. ಬ್ಯಾಟರಿ ಖಾಲಿಯಾದ ದಿನ ಮಾತ್ರ ಮತ್ತೆ ಅದೇ ಪಾಡು.

ಮುಂದೆ ಮಗಳ ಕೋಣೆಗೂ ಒಂದು ಬೇಕು. ಅದು 10ಕ್ಕೆ 10, ಎತ್ತರ 11 ಅಡಿ. ಲೆಕ್ಕಕ್ಕೆ 156 ಬರುತ್ತದೆ, 250ರದ್ದು ನೋಡುತ್ತಿದ್ದೇನೆ. ತಿರುಗಿಸುವ ನಾಬ್ ಇರುವ, ಕರೆಂಟ್ ಬಂದೊಡನೆ ತಾನೇ ಓಡುವ ಮಾಡೆಲ್ ಯಾರಾದರೂ ಬಳಸುತ್ತಿದ್ದರೆ ತಿಳಿಸಿ.