20 ಟನ್ನಿನ ಎಕ್ಸ್‌ಕವೇಟರ್, 640 ಗ್ರಾಂ ತೂಕ: ಆರು ವರ್ಷ ಇಟ್ಟುಕೊಂಡ ಮೇಲೆ

ಮನೆಗೆ ಬಂದವರೆಲ್ಲ ಶೆಲ್ಫ್ ನೋಡಿ ಒಂದೇ ಮಾತು ಹೇಳುತ್ತಾರೆ: "ಜೆಸಿಬಿ ಚೆನ್ನಾಗಿದೆ!" ನಮ್ಮ ಕಡೆ ಮಣ್ಣು ಅಗೆಯುವುದೆಲ್ಲ ಜೆಸಿಬಿಯೇ. ಸೈಟ್ ಕಂಡವರು ಮಾತ್ರ ಕೆಳಗಿನ ಚೈನ್ ನೋಡಿ "ಹಿಟಾಚಿ" ಅನ್ನುತ್ತಾರೆ, ಅದು ಯಾವ ಕಂಪನಿಯದ್ದೇ ಆಗಿರಲಿ. ನನ್ನದು ಎರಡೂ ಅಲ್ಲ. 20 ಟನ್ ವರ್ಗದ ಬೇರೊಂದು ಎಕ್ಸ್‌ಕವೇಟರ್‌ನ 1:50 ಡೈಕಾಸ್ಟ್ ಮಾದರಿ, ಅಂದರೆ ಅಚ್ಚಿನಲ್ಲಿ ಲೋಹ ಹೊಯ್ದು 50 ಪಾಲು ಚಿಕ್ಕದಾಗಿ ಮಾಡಿದ್ದು. ಮಾಡಿದವರ ಹೆಸರು ಬರೆಯುತ್ತಿಲ್ಲ. ಮುಂದೆ ಒಂದಿಷ್ಟು ದೂರು ಇದೆ, ಅದರಲ್ಲಿ ಅರ್ಧ ನನ್ನದೇ ತಪ್ಪು.

ತಂದದ್ದು 2019ರ ಏಪ್ರಿಲ್‌ನಲ್ಲಿ. ಜರ್ಮನಿಯ ಮ್ಯೂನಿಕ್‌ನಲ್ಲಿ ಆಗ ಬೌಮಾ ನಡೆಯುತ್ತಿತ್ತು. ಮೂರು ವರ್ಷಕ್ಕೊಮ್ಮೆ ಸೇರುವ ಕಟ್ಟಡ ಯಂತ್ರಗಳ ಜಾತ್ರೆ ಅದು. ದೊಡ್ಡ ಯಂತ್ರ ನಿಲ್ಲಿಸಿದ ಕಂಪನಿಗಳು ಪಕ್ಕದಲ್ಲೇ ಅದರ ಪುಟ್ಟ ಮಾದರಿಯನ್ನೂ ಮಾರುತ್ತವೆ. ಅಲ್ಲೇ ಕೆಲಸದಲ್ಲಿದ್ದ ಗೆಳೆಯ ಸೂಟ್‌ಕೇಸಿನಲ್ಲಿ ಬಟ್ಟೆ ಮಧ್ಯೆ ಸುತ್ತಿ ತಂದುಕೊಟ್ಟ. ಸುಮಾರು 6,500 ರೂಪಾಯಿ ಬಿತ್ತು. ಆಮೇಲೆ ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿತು. ಡಬ್ಬಿ ಮೇಲೆ "ಇದು ಆಟಿಕೆಯಲ್ಲ" ಅಂತ ಅಚ್ಚಾಗಿದ್ದರೂ ಸುಂಕದ ಪಟ್ಟಿಯಲ್ಲಿ ಇಂಥ ಮಾದರಿಗಳು ಇರುವುದು ಆಟಿಕೆಗಳ ಜೊತೆಗೇ.

ಕೈಗೆ ತಗೊಂಡಾಗ ಮೊದಲು ಗೊತ್ತಾಗುವುದು ಭಾರ. ಒಂದು ಸಲ ಸುಮ್ನೆ ಲೆಕ್ಕ ಹಾಕಿದೆ. ಉದ್ದ, ಅಗಲ, ಎತ್ತರ ಮೂರೂ 50 ಪಾಲು ಕಡಿಮೆ ಅಂದರೆ ತೂಕ 1,25,000 ಪಾಲು ಕಡಿಮೆಯಾಗಬೇಕು. 20 ಟನ್ನಿಗೆ ಅದು 160 ಗ್ರಾಂ. ಅಡುಗೆಮನೆಯ ತಕ್ಕಡಿ ತೋರಿಸಿದ್ದು 640! ನಿಜವಾದ ಯಂತ್ರದ ಒಳಗೆ ಟೊಳ್ಳು ಜಾಸ್ತಿ, ಮಾದರಿಯಲ್ಲಿ ಸತುವಿನ ಮಿಶ್ರಲೋಹ ದಪ್ಪಗೆ ಎರಕ ಹೊಯ್ದಿರುತ್ತಾರೆ. ಇಂಥವು ಹತ್ತು ಹನ್ನೆರಡು ಸೇರಿದರೆ ತೆಳು ಪ್ಲೈವುಡ್ ಹಲಗೆ ನಡುವೆ ಬಗ್ಗುತ್ತದೆ. ನನ್ನದು ಬಗ್ಗಿದೆ.

ಚೈನ್ ಬಗ್ಗೆ ದೂರೇ ಇಲ್ಲ. ಒಂದೊಂದು ಪಟ್ಟಿಯೂ ಬೇರೆ ಬೇರೆ, ಲೋಹದ್ದು, ಪಿನ್ನಿನಿಂದ ಸೇರಿಸಿದ್ದು. ಮೇಲುಭಾಗ ಅದನ್ನು ಹೊರುವ ಪುಟ್ಟ ಉರುಳೆಗಳ (ಕ್ಯಾರಿಯರ್ ರೋಲರ್) ನಡುವೆ ಸ್ವಲ್ಪ ಜೋತು ಬೀಳುತ್ತದಲ್ಲ, ಸೈಟಿನಲ್ಲಿ ಕಾಣುವ ಹಾಗೇ, ಅದು ಇವತ್ತಿಗೂ ಹಾಗೇ ಇದೆ. ರಬ್ಬರ್ ಬೆಲ್ಟಿನ ಚೈನ್ ಇರುವ ಅಗ್ಗದ ಮಾದರಿಯೊಂದು ಜೊತೆಗಿತ್ತು. ನಾಲ್ಕನೇ ವರ್ಷಕ್ಕೆ ಅದರ ಬೆಲ್ಟು ಬಿರುಕು ಬಿಟ್ಟಿತು. ದುಡ್ಡು ಹಾಕುವುದಾದರೆ ಬಣ್ಣಕ್ಕಲ್ಲ, ಕೆಳಗಿನ ಚೈನಿಗೆ ಹಾಕಿ.

ಇನ್ನು ಬೂಮ್, ಅಂದರೆ ಬಕೆಟ್ ಹೊತ್ತ ಉದ್ದ ತೋಳು. ಇದರ ಹೈಡ್ರಾಲಿಕ್ ಸಿಲಿಂಡರಿನಲ್ಲಿ ಎಣ್ಣೆ ಇಲ್ಲ, ಒತ್ತಡ ಇಲ್ಲ. ಲೋಹಕ್ಕೆ ಲೋಹ ಉಜ್ಜುವ ಬಿಗಿಯಲ್ಲೇ ಬೂಮ್ ಎತ್ತಿದಲ್ಲಿ ನಿಲ್ಲಬೇಕು. ಮೊದಲ ಎರಡು ವರ್ಷ ನಿಂತಿತು. ಆಮೇಲೆ ರಾತ್ರಿ ಎತ್ತಿ ಮಲಗಿದರೆ ಬೆಳಗ್ಗೆ ಬಕೆಟ್ ಹಲಗೆಗೆ ತಾಗಿರುತ್ತಿತ್ತು. ತಪ್ಪು ನನ್ನದೂ ಇದೆ, ಬಂದವರಿಗೆಲ್ಲ ಎತ್ತಿ ಇಳಿಸಿ ತೋರಿಸಿದ್ದೇ ತೋರಿಸಿದ್ದು. ಕೀಲಿಗೆ ರಿವೆಟ್ ಹೊಡೆದಿದ್ದಾರೆ, ಬಿಗಿ ಮಾಡಲು ಸ್ಕ್ರೂ ಇಲ್ಲ. ಕೊನೆಗೆ ಹೆಂಡತಿಯ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಸಿಲಿಂಡರಿನ ದಂಡಕ್ಕೆ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಆಡಿಸಿದೆ. ಮತ್ತೆ ನಿಲ್ಲತೊಡಗಿತು. ವರ್ಷಕ್ಕೊಂದು ಸಲ ಹಚ್ಚಬೇಕು. ಕೀರಲು ಸದ್ದು ಬಂತು ಅಂತ ಎಣ್ಣೆ ಮಾತ್ರ ಬಿಡಬೇಡಿ, ಇದ್ದ ಬಿಗಿಯೂ ಹೋಗುತ್ತದೆ.

2021ರಲ್ಲಿ ಹುಬ್ಬಳ್ಳಿಯಿಂದ ಮಂಗಳೂರಿಗೆ ವರ್ಗವಾಯಿತು. ಸಾಮಾನು ಬಿಚ್ಚಲು ಸೋಮಾರಿತನ. ಮಾದರಿಗಳು ಮೂಲ ಡಬ್ಬಿಯಲ್ಲೇ, ಪ್ಲಾಸ್ಟಿಕ್ ಚೀಲದೊಳಗೆ, ಆ ಮಳೆಗಾಲವಿಡೀ ಅಟ್ಟದ ಮೇಲಿದ್ದವು. ತೆಗೆದು ನೋಡಿದರೆ ಇದರ ಹಿಂದಿನ ಕೌಂಟರ್‌ವೇಟ್ (ತೋಳಿನ ತೂಕ ಸರಿದೂಗಿಸುವ ಭಾರ) ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು! ಸತುವಿನ ರೋಗವೇ ಬಂತು ಅಂದುಕೊಂಡು ಹೆದರಿದೆ. ಮಿಶ್ರಲೋಹಕ್ಕೆ ಸೀಸ ಬೆರೆತಿದ್ದರೆ ತೇವಕ್ಕೆ ಒಳಗಿನಿಂದಲೇ ಬಿರುಕು ಬಿಟ್ಟು ಎರಕ ಪುಡಿಯಾಗುತ್ತದೆ. ಹಳೇ ಕಾಲದ ಎಷ್ಟೋ ಮಾದರಿಗಳು ಹಾಗೆ ಹೋಗಿವೆ, ಅದಕ್ಕೆ ಮದ್ದಿಲ್ಲ. ಪುಣ್ಯಕ್ಕೆ ಇದು ಅದಲ್ಲ. ಚೀಲದೊಳಗೆ ಸಿಕ್ಕಿಕೊಂಡ ತೇವ ಬಣ್ಣವನ್ನಷ್ಟೇ ಎಬ್ಬಿಸಿತ್ತು, ಕೆಳಗಿನ ಲೋಹ ಗಟ್ಟಿಯಿತ್ತು. ಈಗ ಚೀಲ ಬಿಸಾಕಿದ್ದೇನೆ. ಗಾಜಿನ ಬಾಗಿಲಿನ ಕಪಾಟು, ಮೂಲೆಯಲ್ಲಿ ಸಿಲಿಕಾ ಜೆಲ್. ಕರಾವಳಿಯವರು ಇದನ್ನು ಖರೀದಿ ದಿನವೇ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಬೂಮಿನ ತುದಿಯ ಮೆತ್ತನೆ ಹೋಸ್ ಐದನೇ ವರ್ಷ ಒಣಗಿ ಮುರಿಯಿತು. ತೆಳು ಕಪ್ಪು ವಿದ್ಯುತ್ ತಂತಿ ಕತ್ತರಿಸಿ ಹಾಕಿದೆ. ಮೂಲಕ್ಕಿಂತ ಚೆನ್ನಾಗಿ ಬಾಗುತ್ತದೆ, ನಿಜ ಹೇಳಬೇಕೆಂದರೆ.

ದೊಡ್ಡ ಎಡವಟ್ಟು ನಡೆದದ್ದು ಕೈಹಿಡಿಕೆಯ ಕಂಬಿ ವಿಷಯದಲ್ಲಿ. ಬೆಂಕಿಕಡ್ಡಿಗಿಂತ ತೆಳು ಪ್ಲಾಸ್ಟಿಕ್. ಧೂಳು ಒರೆಸುವಾಗ ಬಟ್ಟೆಯ ನೂಲಿಗೆ ಸಿಕ್ಕಿ ಪಟ್ ಅಂತ ಮುರಿಯಿತು. ಸೂಪರ್‌ಗ್ಲೂ ಹಾಕಿ ಅಂಟಿಸಿ, ಅಲ್ಲಾಡದಿರಲಿ ಅಂತ ಡಬ್ಬಿಯೊಳಗೆ ಮುಚ್ಚಿಟ್ಟೆ. ಬೆಳಗ್ಗೆ ಕಂಬಿ ಗಟ್ಟಿಯಾಗಿತ್ತು, ಕ್ಯಾಬಿನ್ ಗಾಜು ಮಾತ್ರ ಬೆಳ್ಳಗೆ ಮಂಜು ಕವಿದಂತಿತ್ತು! ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಕೂತರೆ ಹೀಗೇ ಆಗುತ್ತದೆ. ಒಳಗಿನ ಸೀಟು, ಲಿವರು ಈಗ ಅರ್ಧಂಬರ್ಧ ಕಾಣುತ್ತವೆ. ಈಗ ಧೂಳಿಗೆ ಮೇಕಪ್ ಬ್ರಷ್, ಕ್ಯಾಮೆರಾ ಬ್ಲೋಯರ್ ಅಷ್ಟೇ. ಬಟ್ಟೆ ಮುಟ್ಟಿಸುವುದೇ ಇಲ್ಲ.

ಇದೇ ಯಂತ್ರವನ್ನು ಮತ್ತೆ ತಗೋತೀರಾ ಅಂದರೆ, ತಗೋತೀನಿ. ಐದಕ್ಕೆ ನಾಲ್ಕು. ಹೋದ ಒಂದು ಅಂಕ ಬೂಮಿಗೆ. ಗಾಜಿನ ಲೆಕ್ಕ ನನ್ನ ತಲೆ ಮೇಲಿರಲಿ. ಆದರೆ ಮೈಸೂರಿನಲ್ಲಿ ತಯಾರಾಗುವ ಬೆಮೆಲ್ ಡಂಪರಿನದ್ದೊಂದು ಇಷ್ಟು ನಿಖರ ಮಾದರಿ ಎಲ್ಲಾದರೂ ಕಂಡರೆ ಮೊದಲು ಅದನ್ನೇ ಕೊಳ್ಳುತ್ತೇನೆ. ಹುಡುಕುತ್ತಲೇ ಇದ್ದೇನೆ, ಸಿಕ್ಕಿಲ್ಲ. ಸದ್ಯಕ್ಕೆ ಜಪಾನಿನ ಹಸೆಗಾವಾದ 1:35 ಜಾಕ್ಸಿಸ್ 200 ಎಕ್ಸ್‌ಕವೇಟರ್‌ನ ಪ್ಲಾಸ್ಟಿಕ್ ಕಿಟ್ ಮೇಜಿನ ಮೇಲಿದೆ. ಅದು ನಿಜಕ್ಕೂ ಹಿಟಾಚಿ. ಡಬ್ಬಿ ಇನ್ನೂ ಬಿಚ್ಚಿಲ್ಲ. ಗಾಜು ಕೂರಿಸಲು ಬೇರೆ ಅಂಟು ತರಬೇಕು.