ಚಳಿನಾಡಿನ ಮನೆಯ ಅಟ್ಟಕ್ಕೆ ಸ್ಪ್ರೇ ಫೋಮ್ ಹೊಡೆಸುವ ಮುನ್ನ

ಮಿನಿಯಾಪೊಲಿಸ್‌ನ ನಮ್ಮ ಮನೆಯ ಅಟ್ಟಕ್ಕೆ 2022ರ ನವೆಂಬರ್ ಕೊನೆಯ ವಾರದಲ್ಲಿ ಸ್ಪ್ರೇ ಫೋಮ್, ಅಂದರೆ ಮನೆಯ ಬಿಸಿ ಹೊರಹೋಗದಂತೆ ತಡೆಯಲು ಎರಚಿ ಗಟ್ಟಿಯಾಗಿಸುವ ನೊರೆ, ಹೊಡೆಸಿದೆವು. ವರ್ಷ ತುಂಬುವುದರೊಳಗೆ, ಹೊಡೆಸಿದ್ದಕ್ಕಿಂತ ಹೆಚ್ಚು ಹಣ ಕೊಟ್ಟು ಅದಷ್ಟನ್ನೂ ಕೆರೆದು ತೆಗೆಸಬೇಕಾಯಿತು. ಹಣ ಹೋದದ್ದು ಒಂದು ಕಡೆಯಾದರೆ, ಆ ಚಳಿಗಾಲದಲ್ಲಿ ನನ್ನ ಹೆಂಡತಿಗೆ ಹತ್ತಿಕೊಂಡ ಉಬ್ಬಸ ಇಂದಿಗೂ ಪೂರ್ತಿಯಾಗಿ ಬಿಟ್ಟಿಲ್ಲ. ಮಿನಿಸೋಟಾ, ವಿಸ್ಕಾನ್ಸಿನ್, ಮಿಷಿಗನ್ ಮತ್ತು ಕೆನಡಾದ ಕಡೆ ಹಳೆಯ ಮನೆಗಳನ್ನು ಕೊಂಡಿರುವ ಕನ್ನಡ ಕುಟುಂಬಗಳು ಹಲವಿವೆ. ನಮ್ಮ ಹಾಗೆ ಅವರೂ ಒಂದು ಸಹಿ ಹಾಕಿ ಸಿಕ್ಕಿಕೊಳ್ಳಬಾರದೆಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮನೆ 1954ರಲ್ಲಿ ಕಟ್ಟಿದ್ದು, ಒಂದೇ ಅಂತಸ್ತಿನದು. ಪ್ರತಿ ಫೆಬ್ರವರಿಯಲ್ಲಿ ಸೂರಿನ ಅಂಚಿನಲ್ಲಿ ಮಂಜುಗಡ್ಡೆಯ ಕಟ್ಟೆ ಬೆಳೆಯುತ್ತಿತ್ತು. ಇಲ್ಲಿಯವರು ಇದನ್ನು ಐಸ್ ಡ್ಯಾಮ್ ಎನ್ನುತ್ತಾರೆ. ಕೋಣೆಗಳ ಬಿಸಿ ಗಾಳಿ ದೀಪದ ತೂತು, ಕೊಳವೆಯ ಸಂದಿ, ಚಿಮಣಿಯ ಸುತ್ತಲಿನ ತೆರವು, ಅಟ್ಟದ ಮುಚ್ಚಳ ಇವುಗಳ ಮೂಲಕ ಮೇಲೇರಿ ಮಾಡಿನ ಹಲಗೆಯನ್ನು ಕಾಯಿಸುತ್ತದೆ. ಮೇಲಿನ ಹಿಮ ಅಡಿಯಿಂದ ಕರಗಿ ಹರಿದು, ತಣ್ಣಗಿರುವ ಸೂರಿನ ಅಂಚು ಮುಟ್ಟಿದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ಅದರ ಹಿಂದೆ ನಿಂತ ನೀರು ಮಾಡಿಗೆ ಹೊದಿಸಿದ ಶಿಂಗಲ್‌ಗಳ ಕೆಳಗೆ ನುಗ್ಗಿ ಗೋಡೆಗೆ ಇಳಿಯುತ್ತದೆ. ಅಂದರೆ ನಮ್ಮ ಮನೆಯ ರೋಗವಿದ್ದದ್ದು ಕೋಣೆಗಳ ಮೇಲ್ಛಾವಣಿಯ ಸೋರಿಕೆಯಲ್ಲಿ. ನಾವು ಚಿಕಿತ್ಸೆ ಮಾಡಿಸಿದ್ದು ಅದಕ್ಕೂ ಮೇಲಿನ ಮಾಡಿಗೆ.

ನಾನು ಬೆಳೆದದ್ದು ತೀರ್ಥಹಳ್ಳಿಯ ಕಡೆಯ ಹೆಂಚಿನ ಮನೆಯಲ್ಲಿ. ಅಲ್ಲಿ ಅಟ್ಟವೆಂದರೆ ಹೆಂಚಿನ ಸಂದಿಗಳಿಂದ ಗಾಳಿಯಾಡುವ ಜಾಗ; ಮಳೆಗಾಲದಲ್ಲಿ ಒಲೆಯ ಹೊಗೆ ಅಲ್ಲಿಯೇ ಹಾದು ಪಕಾಸುಗಳನ್ನೂ ಅಡಿಕೆಯನ್ನೂ ಒಣಗಿಸಿಡುತ್ತಿತ್ತು. ಇಲ್ಲಿನ ಹಳೆಯ ಅಟ್ಟಗಳೂ ಗಾಳಿಯನ್ನೇ ನಂಬಿವೆ. ಸೂರಿನ ಕೆಳಗಿನ ಕಿಂಡಿಗಳಿಂದ ಬಂದ ಗಾಳಿ ಮಾಡಿನ ನೆತ್ತಿಯಿಂದ ಹೊರಹೋಗುವಾಗ ಒಳಗೆ ನುಸುಳಿದ ತೇವವನ್ನೂ ಒಯ್ಯುತ್ತದೆ. ಮಾಡಿನ ಹಲಗೆಗೇ ಫೋಮ್ ಹೊಡೆಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಮುಚ್ಚುವುದೇ ತಪ್ಪೆಂದು ನಾನು ಹೇಳುತ್ತಿಲ್ಲ, ಸರಿಯಾಗಿ ಮುಚ್ಚಿದ ಅಟ್ಟಗಳು ಈ ಚಳಿಯಲ್ಲೂ ಚೆನ್ನಾಗಿ ಬಾಳುತ್ತವೆ. ಆದರೆ ಮುಚ್ಚಿದ ಮೇಲೆ ಸಣ್ಣ ತಪ್ಪಿಗೂ ಕ್ಷಮೆಯಿಲ್ಲ.

ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೆವು. ನಾವು ಆರಿಸಿದವರ ದರ ಉಳಿದಿಬ್ಬರಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತು, ಹಂಗಾಮಿನ ಕೊನೆಯ ರಿಯಾಯಿತಿ ಬೇರೆ. ಪಟ್ಟಿಯಲ್ಲಿ ಬರೆದಿದ್ದದ್ದು ಇಷ್ಟೇ: ಆರು ಇಂಚು ಫೋಮ್. ಯಾವ ಫೋಮ್ ಎಂದು ನಾನು ಕೇಳಲಿಲ್ಲ. ಈ ಬರಹದಲ್ಲಿ ನೀವು ನೆನಪಿಡಬೇಕಾದ ಪ್ರಶ್ನೆ ಒಂದೇ ಇದ್ದರೆ ಅದು ಇದು. ಫೋಮ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಓಪನ್ ಸೆಲ್ ಎಂಬುದು ಹಗುರ, ಘನ ಅಡಿಗೆ ಸುಮಾರು ಅರ್ಧ ಪೌಂಡ್ ತೂಗುತ್ತದೆ, ಒತ್ತಿದರೆ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಇಂಚಿಗೆ ಸುಮಾರು 3.7 ಆರ್ ಮೌಲ್ಯ (ಶಾಖವನ್ನು ತಡೆಯುವ ಶಕ್ತಿಯ ಅಳತೆ) ಕೊಡುತ್ತದೆ. ಗಾಳಿಯನ್ನು ತಡೆಯುತ್ತದೆ, ಆದರೆ ನೀರಾವಿಯನ್ನು ಹಾಯಗೊಡುತ್ತದೆ. ಕ್ಲೋಸ್ಡ್ ಸೆಲ್ ಎಂಬುದು ಘನ ಅಡಿಗೆ ಸುಮಾರು ಎರಡು ಪೌಂಡ್ ತೂಗುವ ಗಟ್ಟಿ ಪದಾರ್ಥ. ಇಂಚಿಗೆ 6ರಿಂದ 7ರವರೆಗೆ ಆರ್ ಮೌಲ್ಯವಿರುತ್ತದೆ, ಸಾಕಷ್ಟು ದಪ್ಪವಿದ್ದರೆ ಆವಿಯನ್ನೂ ತಡೆಹಿಡಿಯುತ್ತದೆ. ಬೆಲೆಯ ಅಂತರ ದೊಡ್ಡದು. ನಮಗೆ ಸಿಕ್ಕಿದ ರಿಯಾಯಿತಿಯ ಗುಟ್ಟು ಈ ಅಂತರವೇ ಆಗಿತ್ತು.

ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿ ಬಳಸುವ ವಸತಿ ಕಟ್ಟಡ ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ. ನಮ್ಮ ಅವಳಿ ನಗರಗಳು (ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್) ಬೀಳುವ 6ನೆಯ ಹವಾಮಾನ ವಲಯದಲ್ಲಿ ಗಾಳಿಕಿಂಡಿಯಿಲ್ಲದ ಅಟ್ಟ ಮಾಡಬೇಕಾದರೆ, ಮಾಡಿನ ಹಲಗೆಗೆ ಅಂಟಿಸುವ ಗಾಳಿ ತಡೆಯುವ ಪದರವು ಕನಿಗಟ್ಟುವಿಕೆ ತಡೆಯಲೆಂದೇ ಕನಿಷ್ಠ ಆರ್-25 ಇರಬೇಕು, ಮತ್ತು ಆ ಪದರವೇ ಆವಿಯನ್ನು ತಡೆಯದಿದ್ದರೆ ಅದರ ಮೇಲೆ ಆವಿತಡೆ ಲೇಪನ ಬಳಿಯಬೇಕು. ನಮ್ಮ ಆರು ಇಂಚಿನ ಓಪನ್ ಸೆಲ್ ಆರ್-22ರ ಸುಮಾರಿಗೆ ನಿಂತಿತ್ತು. ಲೇಪನ ಬಳಿದಿರಲಿಲ್ಲ. ಈ ಎರಡು ಸಾಲುಗಳನ್ನು ನಾನು ಓದಿದ್ದು ಫೋಮ್ ಹೊಡೆಸಿದ ಮೂರು ತಿಂಗಳ ನಂತರ.

ಇನ್ನೊಂದು ಸಂಗತಿ ನನಗೆ ಆಗ ತಿಳಿದಿರಲಿಲ್ಲ. ಗಾಜಿನ ಉಣ್ಣೆಯೋ ಕಾಗದದ ಚೂರಿನಿಂದ ಮಾಡುವ ಸೆಲ್ಯುಲೋಸೋ ಕಾರ್ಖಾನೆಯಲ್ಲಿ ತಯಾರಾಗಿ ಚೀಲದಲ್ಲಿ ಬರುತ್ತದೆ. ಸ್ಪ್ರೇ ಫೋಮ್ ಹಾಗಲ್ಲ. ಅದು ತಯಾರಾಗುವುದೇ ನಿಮ್ಮ ಅಟ್ಟದಲ್ಲಿ. ಒಂದು ಪೀಪಾಯಿಯಲ್ಲಿ ಐಸೊಸಯನೇಟ್, ಇನ್ನೊಂದರಲ್ಲಿ ಪಾಲಿಯಾಲ್ ಜೊತೆಗೆ ಅಮೀನ್ ವೇಗವರ್ಧಕಗಳು, ಬೆಂಕಿ ನಿರೋಧಕಗಳು ಮತ್ತು ಉಬ್ಬಿಸುವ ರಾಸಾಯನಿಕ. ಇವೆರಡೂ ಕಾಯಿಸಿದ ಕೊಳವೆಗಳಲ್ಲಿ ಬಂದು, ಪಿಚಕಾರಿಯ ತುದಿಯಲ್ಲಿ ಸಮ ಪ್ರಮಾಣದಲ್ಲಿ ಬೆರೆತು, ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ಗಟ್ಟಿಯಾಗಬೇಕು. ಪೀಪಾಯಿ ತಣ್ಣಗಿದ್ದರೆ ದ್ರವ ಮಂದವಾಗಿ ಪಂಪು ಸರಿಯಾಗಿ ಎಳೆಯುವುದಿಲ್ಲ, ಪ್ರಮಾಣ ತಪ್ಪುತ್ತದೆ. ಹಲಗೆ ತೀರ ತಣ್ಣಗಿದ್ದರೆ ಅಥವಾ ಅದರ ತೇವ ಶೇಕಡಾ 19 ದಾಟಿದ್ದರೆ ಫೋಮ್ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಒಂದೇ ಸಲಕ್ಕೆ ತುಂಬ ದಪ್ಪ ಹೊಡೆದರೆ ಒಳಗಿನ ಬಿಸಿ ಹೊರಬೀಳಲಾರದೆ ಫೋಮ್ ಕಂದುಗಟ್ಟುತ್ತದೆ. ಬೆಂಕಿ ಹತ್ತಿದ ಪ್ರಸಂಗಗಳೂ ಇವೆ. ಆ ಒಂದು ಮಧ್ಯಾಹ್ನ ಕೆಟ್ಟರೆ ಕೆಟ್ಟ ಪದಾರ್ಥ ಮಾಡಿಗೆ ಅಂಟಿಕೊಂಡೇ ಉಳಿಯುತ್ತದೆ, ಹಿಂದಿರುಗಿಸಲು ಚೀಲವಿಲ್ಲ.

ನಮ್ಮ ಮನೆಗೆ ಇಬ್ಬರು ಹುಡುಗರು ಬೆಳಿಗ್ಗೆ ಎಂಟಕ್ಕೆ ಬಂದರು. ಹೊರಗೆ ಸೊನ್ನೆಗಿಂತ 9 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಪೀಪಾಯಿಗಳಿದ್ದ ಟ್ರೇಲರ್ ರಾತ್ರಿಯಿಡೀ ಬಯಲಲ್ಲಿ ನಿಂತಿತ್ತೆಂದು ಅವರೇ ಮಾತಿನ ನಡುವೆ ಹೇಳಿದರು. ಅವರ ಕೈಯಲ್ಲಿ ತೇವಮಾಪಕವನ್ನಾಗಲಿ ಹಲಗೆಯ ಉಷ್ಣತೆ ಅಳೆಯುವ ಸಾಧನವನ್ನಾಗಲಿ ನಾನು ಕಾಣಲಿಲ್ಲ. ನೆಲದ ಮೇಲಿದ್ದ ಹಳೆಯ ಗಾಜಿನ ಉಣ್ಣೆಯನ್ನು ತೆಗೆಯಬೇಕಲ್ಲವೇ ಎಂದು ಕೇಳಿದ್ದಕ್ಕೆ, ಇದ್ದರೆ ಒಳ್ಳೆಯದೇ ಎಂದರು. ಅದು ತಪ್ಪು: ಹಳೆಯ ಪದರ ಕೋಣೆಯ ಬಿಸಿಯನ್ನು ಕೆಳಗೇ ತಡೆಯುವುದರಿಂದ ಮುಚ್ಚಿದ ಅಟ್ಟ ತಣ್ಣಗೇ ಉಳಿಯುತ್ತದೆ, ತೇವ ಮಾತ್ರ ಮೇಲೇರುತ್ತದೆ. ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ, ಎರಡು ಗಂಟೆ ಕಿಟಕಿ ತೆರೆದಿಟ್ಟರೆ ಸಾಕೆಂದು ಹೇಳಿ ಹೊರಟರು. ಇಂತಹ ಕೆಲಸದ ನಂತರ ಸಾಮಾನ್ಯವಾಗಿ 24 ಗಂಟೆ ಯಾರೂ ಮನೆಯಲ್ಲಿರಬಾರದೆಂದೂ, ಉತ್ಪನ್ನ ಮತ್ತು ಗಾಳಿಯಾಡುವಿಕೆಗೆ ತಕ್ಕಂತೆ ಇನ್ನೂ ಹೆಚ್ಚು ಹೊತ್ತು ಬೇಕಾಗಬಹುದೆಂದೂ ನನಗೆ ಯಾರೂ ತಿಳಿಸಲಿಲ್ಲ. ಆ ರಾತ್ರಿ ನಾವು ಅಲ್ಲಿಯೇ ಮಲಗಿದೆವು. ಈಗ ನೆನೆದರೆ ಮೈ ನಡುಗುತ್ತದೆ.

ವಾಸನೆ ಮೂರನೆಯ ದಿನ ಗೊತ್ತಾಯಿತು. ಮೊದಲು ಬಣ್ಣದ ವಾಸನೆಯಂತಿದ್ದದ್ದು ವಾರದೊಳಗೆ ಮೀನಿನ ವಾಸನೆಗೆ ತಿರುಗಿತು. ಮಲ್ಪೆಯ ಬಂದರಿನಲ್ಲಿ ಮೀನು ಒಣಗಿಸಿದ ಕಡೆ ನಿಂತ ಹಾಗೆ. ಬಿಸಿಲು ಮಾಡಿಗೆ ಬಿದ್ದ ದಿನ ಅದು ಹೆಚ್ಚಾಗುತ್ತಿತ್ತು. ಸರಿಯಾಗಿ ಬೆರೆಯದ ಫೋಮ್‌ನಿಂದ ಹೊರಬೀಳುವ ಅಮೀನ್‌ಗಳು ಹೀಗೆಯೇ ನಾರುತ್ತವೆ. ನನ್ನ ಹೆಂಡತಿಗೆ ಡಿಸೆಂಬರ್ ಮಧ್ಯದಲ್ಲಿ ಒಣಕೆಮ್ಮು ಶುರುವಾಗಿ ಜನವರಿಗೆ ಉಬ್ಬಸವಾಯಿತು. ಫೋಮೇ ಕಾರಣವೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ, ಹಾಗೆ ಹೇಳುವುದು ಕಷ್ಟವೆಂದೂ ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕು ದಿನ ಗೆಳೆಯರ ಮನೆಯಲ್ಲಿದ್ದಾಗ ಕೆಮ್ಮು ಇಳಿಯಿತು, ಮರಳಿ ಬಂದ ರಾತ್ರಿಯೇ ಮತ್ತೆ ಏರಿತು. ಐಸೊಸಯನೇಟ್‌ಗಳು ಕೆಲಸದ ಸ್ಥಳದ ಅಸ್ತಮಾಕ್ಕೆ ಪ್ರಮುಖ ಕಾರಣಗಳಲ್ಲಿ ಒಂದೆಂಬುದು ಬಹುಕಾಲದಿಂದ ತಿಳಿದ ವಿಷಯ. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡಬಲ್ಲದು. ಮನೆಯಲ್ಲಿ ಅಸ್ತಮಾ ಇರುವವರೋ ಎಳೆಯ ಮಕ್ಕಳೋ ಇದ್ದರೆ ಈ ಒಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಡಿಸೆಂಬರ್‌ನಲ್ಲಿಯೇ ಇನ್ನೊಂದು ಅಪಾಯ ನಮ್ಮನ್ನು ಮುಟ್ಟಿ ಹೋಯಿತು. ನೆಲಮಾಳಿಗೆಯ ಗ್ಯಾಸ್ ವಾಟರ್ ಹೀಟರ್ ತನ್ನ ಹೊಗೆಯನ್ನು ಚಿಮಣಿಯ ಸಹಜ ಸೆಳೆತದಿಂದ ಹೊರಹಾಕುವ ಹಳೆಯ ಮಾದರಿಯದು. ಮನೆ ಬಿಗಿಯಾದ ಮೇಲೆ ಅಡುಗೆಮನೆಯ ದೊಡ್ಡ ಫ್ಯಾನು ಹಾಕಿದಾಗ ಒಳಗಿನ ಗಾಳಿ ಸಾಲದೆ, ಅದು ಚಿಮಣಿಯಿಂದಲೇ ಹೊಗೆಯನ್ನು ಕೆಳಗೆ ಎಳೆದುಕೊಂಡಿತು. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಕೂಗಿದ್ದರಿಂದ ಬಚಾವಾದೆವು. ಮನೆಯನ್ನು ಬಿಗಿ ಮಾಡುವ ಯಾವುದೇ ಕೆಲಸಕ್ಕೆ ಮೊದಲೂ ನಂತರವೂ ಈ ಸೆಳೆತವನ್ನು ಪರೀಕ್ಷಿಸಬೇಕು.

ಫೆಬ್ರವರಿಯ ಮೂರನೆಯ ವಾರ ನಾನೇ ಬ್ರೆಡ್ ಕೊಯ್ಯುವ ಚಾಕು ಹಿಡಿದು ಅಟ್ಟ ಹತ್ತಿದೆ. ಪಕಾಸಿನ ಪಕ್ಕದಲ್ಲಿ ಫೋಮ್ ಕುಗ್ಗಿ ಬಿರುಕು ಬಿಟ್ಟಿತ್ತು; ನನ್ನ ಬ್ಯಾಂಕ್ ಕಾರ್ಡು ಅದರೊಳಗೆ ಅರ್ಧದವರೆಗೆ ಸಲೀಸಾಗಿ ಇಳಿಯಿತು. ಉತ್ತರದ ಇಳಿಜಾರಿನಲ್ಲಿ, ನೆತ್ತಿಗೆ ಒಂದಡಿ ಕೆಳಗೆ, ಅಂಗೈಯಗಲ ತುಂಡು ಕೊಯ್ದು ಎಳೆದೆ. ಅದು ನೆನೆದ ಅವಲಕ್ಕಿಯ ಹಾಗೆ ತೊಯ್ದು ಭಾರವಾಗಿತ್ತು. ಹಿಂದಿನ ಹಲಗೆ ಕಪ್ಪಗೆ ಮಿರುಗುತ್ತಿತ್ತು, ಶಿಂಗಲ್‌ನ ಮೊಳೆಗಳ ತುದಿಯಲ್ಲಿ ಸಾಸಿವೆ ಗಾತ್ರದ ಹಿಮದ ಹರಳುಗಳು ಕೂತಿದ್ದವು. ತೇವಮಾಪಕದ ಎರಡು ಮುಳ್ಳುಗಳನ್ನು ಊರಿದರೆ ಶೇಕಡಾ 31 ತೋರಿಸಿತು. ಅದೇ ಇಳಿಜಾರಿನ ಕೆಳಗೆ, ಸೂರಿನ ಬಳಿ ಕೊಯ್ದಲ್ಲಿ ಶೇಕಡಾ 16 ಮಾತ್ರ.

ಈ ವ್ಯತ್ಯಾಸ ನನಗೆ ಮೊದಲು ಒಗಟಾಗಿತ್ತು. 21 ಡಿಗ್ರಿ ಬಿಸಿಯ, ಶೇಕಡಾ 40 ತೇವದ ಕೋಣೆಯ ಗಾಳಿ ಸುಮಾರು 7 ಡಿಗ್ರಿಗೆ ತಣಿದರೆ ಕನಿಗಟ್ಟುತ್ತದೆ. ಆ ಚಳಿಗಾಲ ಅವಳಿ ನಗರಗಳಲ್ಲಿ ಅತಿ ಹೆಚ್ಚು ಹಿಮ ಬಿದ್ದವುಗಳಲ್ಲಿ ಒಂದು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದ ರಾತ್ರಿಗಳಲ್ಲಿ ನಮ್ಮ ಮಾಡಿನ ಹಲಗೆ ಹೆಪ್ಪುಬಿಂದುವಿಗಿಂತ ಬಹಳ ಕೆಳಗಿತ್ತು. ದಿನಕ್ಕೆರಡು ಸಲ ಕುಕ್ಕರ್ ಕೂಗುವ, ಬೇಳೆ ಕುದಿಯುವ, ಬಟ್ಟೆ ಒಳಗೇ ಒಣಗುವ ಮನೆ ನಮ್ಮದು. ಸಾಲದ್ದಕ್ಕೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಬೇರೆ ಹಾಕುತ್ತಿದ್ದೆವು. ಬಚ್ಚಲಮನೆಯ ಫ್ಯಾನಿನ ಕೊಳವೆ ಅಟ್ಟದಲ್ಲಿಯೇ ಕೊನೆಗೊಂಡಿತ್ತು, ಕೆಲಸದವರು ಅದನ್ನು ಮಾಡಿನಾಚೆಗೆ ಹಾಯಿಸದೆ ಕಿಂಡಿಗಳನ್ನೆಲ್ಲ ಮುಚ್ಚಿದ್ದರು. ಓಪನ್ ಸೆಲ್‌ನೊಳಗೆ ನುಸುಳಿದ ಆವಿ ರಾತ್ರಿ ಹಲಗೆಗೆ ಅಂಟುತ್ತದೆ, ಹಗಲು ಬಿಸಿಲು ಕಾಯಿಸಿದಾಗ ಮತ್ತೆ ಆವಿಯಾಗಿ ಒಳಗೆ ಬರುತ್ತದೆ, ತೇವದ ಗಾಳಿ ಹಗುರವಾದ್ದರಿಂದ ಮೇಲೇರುತ್ತದೆ. ದಿನವೂ ಹೀಗೆ ಏರುತ್ತ ಏರುತ್ತ ಮನೆಯ ತೇವವೆಲ್ಲ ನೆತ್ತಿಯಲ್ಲಿ ಕೂಡಿಕೊಂಡಿತ್ತು. ಮಾರ್ಚ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಹಜಾರದ ಛಾವಣಿಯಿಂದ ಕಂದು ನೀರು ತೊಟ್ಟಿಕ್ಕಿತು.

ಕಂಪನಿಯವರು ಮೊದಲು ಮಾಡು ಸೋರುತ್ತಿದೆ ಎಂದರು, ಆಮೇಲೆ ನೀವು ಅಡುಗೆ ಹೆಚ್ಚು ಮಾಡುತ್ತೀರಿ ಎಂದರು, ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಪೀಪಾಯಿಯ ಬ್ಯಾಚ್ ಸಂಖ್ಯೆ, ಆ ದಿನದ ಉಷ್ಣತೆ ಮತ್ತು ಒತ್ತಡದ ದಾಖಲೆ ಇವು ನಮ್ಮ ಬಳಿ ಇರಲಿಲ್ಲವಾದ್ದರಿಂದ ವಾದಕ್ಕೆ ಆಧಾರವೇ ಸಿಗಲಿಲ್ಲ. ಫೋಮ್ ತೆಗೆಸುವುದಕ್ಕೆ ಮೂವರು ಆರು ದಿನ ಉಳಿಯಿಂದ, ತಂತಿ ಬ್ರಷ್‌ನಿಂದ ಕೆರೆದರು. ನೆತ್ತಿಯ ಬಳಿಯ ಹದಿನಾಲ್ಕು ಹಲಗೆಗಳು ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿದ್ದವು, ಅವನ್ನು ಬದಲಿಸಲು ಶಿಂಗಲ್‌ಗಳನ್ನೂ ಬಿಚ್ಚಬೇಕಾಯಿತು.

ನಂತರ ನಾವು ಮಾಡಿಸಿದ್ದು ಮೊದಲೇ ಮಾಡಿಸಬೇಕಿದ್ದ ಕೆಲಸ. ಮನೆಯನ್ನು ಫ್ಯಾನಿನಿಂದ ಹೀರಿ ಸೋರಿಕೆ ಹುಡುಕುವ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿ, ಅಟ್ಟದ ನೆಲದ ಒಂದೊಂದು ತೂತನ್ನೂ ಮುಚ್ಚಿಸಿ, ಚಿಮಣಿಯ ಸುತ್ತ ತಗಡು ಮತ್ತು ಬೆಂಕಿ ತಾಳುವ ಸೀಲಂಟ್ ಹಾಕಿಸಿ, ಬಚ್ಚಲ ಫ್ಯಾನಿನ ಕೊಳವೆಯನ್ನು ಮಾಡಿನಾಚೆ ಹಾಯಿಸಿ, ಕಿಂಡಿಗಳನ್ನು ಮತ್ತೆ ತೆರೆಸಿ, ಮೇಲೆ ಹದಿನಾರು ಇಂಚು ಸೆಲ್ಯುಲೋಸ್ ಊದಿಸಿದೆವು. ಫೋಮ್‌ಗೆ ಕೊಟ್ಟ ಹಣದ ಅರ್ಧವೂ ಆಗಲಿಲ್ಲ. ಒಂದು ಎಚ್ಚರ: ಹಳೆಯ ಅಟ್ಟದಲ್ಲಿ ಅಭ್ರಕದಂತೆ ಹೊಳೆಯುವ ಉಂಡೆ ಉಂಡೆ ಹರಳು ಕಂಡರೆ ಕೈ ಹಾಕಬೇಡಿ, ಅದು ವರ್ಮಿಕ್ಯುಲೈಟ್ ಇರಬಹುದು. ಮೊಂಟಾನಾದ ಲಿಬ್ಬಿ ಗಣಿಯ ವರ್ಮಿಕ್ಯುಲೈಟ್‌ನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು, ಅದನ್ನು ಸಂಸ್ಕರಿಸುವ ಕಾರ್ಖಾನೆಯೊಂದು ನಮ್ಮ ಊರಿನ ಈಶಾನ್ಯ ಭಾಗದಲ್ಲಿಯೇ ದಶಕಗಳ ಕಾಲ ನಡೆದಿತ್ತು.

ಇಷ್ಟಾದ ಮೇಲೂ ಫೋಮ್ ಬೇಕೇ ಬೇಕಾದ ಮನೆಗಳಿವೆ. ಅಟ್ಟವೇ ಕೋಣೆಯಾಗಿರುವ, ಪಕಾಸಿನ ಆಳ ಕಡಿಮೆಯಿರುವ ಮನೆಗಳಿಗೆ ಕ್ಲೋಸ್ಡ್ ಸೆಲ್‌ಗಿಂತ ಒಳ್ಳೆಯ ದಾರಿ ಸುಲಭವಾಗಿ ಸಿಗದು. ಅಂಥವರು ಬೆಚ್ಚಗಿನ ತಿಂಗಳಲ್ಲಿ ಹೊಡೆಸಿ. ಫೋಮ್‌ನ ಜಾತಿ, ಇಂಚು, ಉತ್ಪನ್ನದ ಹೆಸರು, ಆವಿತಡೆಯ ವಿಧಾನ, ಮನೆ ಬಿಟ್ಟಿರಬೇಕಾದ ಅವಧಿ ಇವನ್ನು ಒಪ್ಪಂದದಲ್ಲಿ ಬರೆಸಿ, ಕೆಲಸದ ದಿನ ಹಲಗೆಯ ತೇವವನ್ನೂ ಉಷ್ಣತೆಯನ್ನೂ ನಿಮ್ಮೆದುರು ಅಳೆಸಿ ಫೋಟೊ ತೆಗೆದಿಡಿ. ನಗರದ ಪರವಾನಗಿಯನ್ನು ಕಂಪನಿಯೇ ನೋಡಿಕೊಳ್ಳುತ್ತದೆಂದು ಬಿಡದೆ, ತಪಾಸಣೆ ಆಯಿತೇ ಎಂದು ನೀವೇ ವಿಚಾರಿಸಿ. ಬಿಗಿಯಾದ ಮನೆಗೆ ಶಾಖ ಉಳಿಸಿಕೊಂಡು ಗಾಳಿ ಬದಲಿಸುವ ಯಂತ್ರದ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ.

ಈಗಾಗಲೇ ಮಾಡಿನ ಹಲಗೆಗೆ ಓಪನ್ ಸೆಲ್ ಹೊಡೆಸಿರುವವರು ಫೆಬ್ರವರಿ ಮುಗಿಯುವುದರೊಳಗೆ, ಉತ್ತರದ ಇಳಿಜಾರಿನಲ್ಲಿ, ನೆತ್ತಿಯ ಹತ್ತಿರ ಒಂದು ತುಂಡು ಕೊಯ್ದು ನೋಡಿ. ಸೂರಿನ ಬಳಿ ಕೊಯ್ದು ಒಣಗಿದೆಯೆಂದು ಸಮಾಧಾನಪಡಬೇಡಿ. ತೇವಮಾಪಕದಲ್ಲಿ ಹಲಗೆಯ ತೇವ ಶೇಕಡಾ 20ರೊಳಗಿದ್ದರೆ ತುಂಡನ್ನು ಅಲ್ಲಿಯೇ ಕೂರಿಸಿ, ಸುತ್ತ ಸೀಲಂಟ್ ತುಂಬಿ, ಜಾಗಕ್ಕೆ ಗುರುತು ಹಾಕಿ ಮುಂದಿನ ಫೆಬ್ರವರಿಯಲ್ಲಿ ಮತ್ತೆ ಅಳೆಯಿರಿ. ದಾಟಿದ್ದರೆ ಅಂದೇ ಹ್ಯುಮಿಡಿಫೈಯರ್ ನಿಲ್ಲಿಸಿ, ಕಂಪನಿಗೆ ಫೋನ್ ಮಾಡುವ ಮೊದಲು ಅವರ ಕೆಲಸಕ್ಕೆ ಸಂಬಂಧವಿಲ್ಲದ ಕಟ್ಟಡ ಪರೀಕ್ಷಕರೊಬ್ಬರನ್ನು ಕರೆಸಿ, ಮಾಪಕದ ಅಂಕಿಗಳೊಂದಿಗೆ ಲಿಖಿತ ವರದಿ ತೆಗೆದುಕೊಳ್ಳಿ.