ನ್ಯಾಕ್ ಗ್ರೇಡ್: ಫ್ಲೆಕ್ಸ್ ನೋಡಿ ಸೀಟು ಹಿಡಿಯುವ ಮುನ್ನ

ರೇಟಿಂಗ್: ಗ್ರೇಡಿಗೆ 5ಕ್ಕೆ 2, ಅದರ ಹಿಂದಿರುವ ವರದಿಗೆ 5ಕ್ಕೆ 4.

ಪಿಯುಸಿ ಫಲಿತಾಂಶ ಬಂದರೆ ಸಾಕು, ದಾವಣಗೆರೆ, ಚಿತ್ರದುರ್ಗದ ತುಂಬ ಕಾಲೇಜುಗಳ ಫ್ಲೆಕ್ಸ್. ಹೆಸರಿನ ಪಕ್ಕದಲ್ಲೇ ದಪ್ಪಕ್ಷರದಲ್ಲಿ ನ್ಯಾಕ್ ಗ್ರೇಡ್, ಅಂದರೆ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ ಕಾಲೇಜಿನ ಗುಣಮಟ್ಟ ಅಳೆದು ಕೊಡುವ ಅಕ್ಷರ. ಒಳ್ಳೆಯ ಕಾಲೇಜು ಯಾವುದು ಅಂದರೆ ಅಪ್ಪ-ಅಮ್ಮ ಕೆಲಸ ಅಂತಾರೆ, ಮೇಷ್ಟ್ರು ಪಾಠ, ಲ್ಯಾಬು ಅಂತಾರೆ, ವಿಶ್ವವಿದ್ಯಾಲಯದವರು ಸಂಶೋಧನೆ ಅಂತಾರೆ. ಇಷ್ಟನ್ನೂ ಒಂದೇ ಅಕ್ಷರಕ್ಕೆ ಇಳಿಸಿದ್ದೇ ಈ ಗ್ರೇಡಿನ ದೋಷ.

ಒಟ್ಟು 1000 ಅಂಕ, ಏಳು ಮಾನದಂಡ. ಬೋಧನೆ-ಕಲಿಕೆಗೆ ಸಂಯೋಜಿತ (ವಿಶ್ವವಿದ್ಯಾಲಯಕ್ಕೆ ಸೇರಿದ) ಕಾಲೇಜಿನಲ್ಲಿ 350 ಅಂಕ, ವಿಶ್ವವಿದ್ಯಾಲಯಕ್ಕೆ 200 ಮಾತ್ರ; ಅಲ್ಲಿ ಸಂಶೋಧನೆಗೇ 250. ಹಾಗಾಗಿ ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದ ಗ್ರೇಡನ್ನೂ ಊರೊಳಗಿನ ಡಿಗ್ರಿ ಕಾಲೇಜಿನ ಗ್ರೇಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಎರಡು ಡಿಗ್ರಿ ಕಾಲೇಜುಗಳನ್ನು ಹೋಲಿಸಿದರೂ ಮೋಸ ಹೋಗಬಹುದು, ಲೆಕ್ಕ ಹಾಕಿ ನೋಡಿ: ಪ್ರತಿ ಮಾನದಂಡಕ್ಕೂ 4ರೊಳಗೆ ಅಂಕ, ಒಟ್ಟಿನಲ್ಲಿ ಬೋಧನೆಯ ಪಾಲು 1000ಕ್ಕೆ 350. ಒಂದಕ್ಕೆ ಬೋಧನೆಯಲ್ಲಿ 4ಕ್ಕೆ 2, ಉಳಿದದ್ದರಲ್ಲಿ 3.2 ಬಂತೆನ್ನಿ: ಒಟ್ಟು 2.78. ಇನ್ನೊಂದಕ್ಕೆ ಬೋಧನೆಯಲ್ಲಿ 3.2, ಉಳಿದದ್ದರಲ್ಲಿ 2.6: ಒಟ್ಟು 2.81. ಬಿ++ ಅಂದರೆ 2.76ರಿಂದ 3.00. ಎರಡೂ ಬಿ++! ಮಕ್ಕಳು ಮೂರು ವರ್ಷ ಕೂರುವ ತರಗತಿಗಳು ಮಾತ್ರ ಬೇರೆ ಬೇರೆ.

ವರದಿ ಹಾಗಲ್ಲ, ನಿಜಕ್ಕೂ ಉಪಯುಕ್ತ. ಕಾಲೇಜಿನ ವೆಬ್‌ಸೈಟಿನಲ್ಲಿ ಎಸ್‌ಎಸ್‌ಆರ್ (ಕಾಲೇಜೇ ನ್ಯಾಕ್‌ಗೆ ಬರೆದುಕೊಟ್ಟ ಸ್ವಯಂ ಅಧ್ಯಯನ ವರದಿ) ತೆರೆದು ಮೂರು ಕಡೆ ನೋಡಿ. 2.4ನೇ ಭಾಗದಲ್ಲಿ ಮಂಜೂರಾದ ಹುದ್ದೆಗೆ ಪೂರ್ಣಾವಧಿ ಅಧ್ಯಾಪಕರು ಎಷ್ಟಿದ್ದಾರೆ ಎಂಬುದಿದೆ. ನಮ್ಮ ಪ್ರಕಾರ ಮೊದಲು ಓದಬೇಕಾದ್ದು ಇದನ್ನೇ, ಏಕೆಂದರೆ ಖಾಲಿ ಹುದ್ದೆಗೆ ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ಘಟಕಗಳ ಪಾಠವೇ ಹಾರಿಹೋಗುತ್ತದೆ. 2.6ರಲ್ಲಿ ಅಂತಿಮ ವರ್ಷದ ತೇರ್ಗಡೆ ಪ್ರಮಾಣ. 5.2ರಲ್ಲಿ ಕೆಲಸ ಮತ್ತು ಉನ್ನತ ವ್ಯಾಸಂಗ ಎರಡೂ ಸೇರಿರುತ್ತವೆ, ಎಂ.ಎಸ್ಸಿ.ಗೆ ಸೇರಿದವರನ್ನು ತೆಗೆದು ಕೆಲಸ ಸಿಕ್ಕವರನ್ನಷ್ಟೇ ಎಣಿಸಿ, ಸಂಬಳ ಎಷ್ಟೆಂದು ಕಚೇರಿಯಲ್ಲಿ ಕೇಳಿ.

ಪ್ರಮಾಣಪತ್ರದ ದಿನಾಂಕವನ್ನೂ ನೋಡಿ. ಗ್ರೇಡಿನ ಅವಧಿ ಸಾಮಾನ್ಯವಾಗಿ 5 ವರ್ಷ; ಫ್ಲೆಕ್ಸಿಗೆ ಅವಧಿ ಇಲ್ಲ.

ಒಂದು ವಿಷಯ ಮಾತ್ರ ಯಾವ ಅಂಕೆಯಲ್ಲೂ ಸಿಗುವುದಿಲ್ಲ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ನಡೆಯುವ ಹೊತ್ತಿಗೇ ಹೋಗಿ, ಒಂದು ಬ್ಯುರೆಟ್‌ಗೆ ಎಷ್ಟು ಜನ ಎಂದು ಎಣಿಸಿ. ಇಬ್ಬರಾದರೆ ಪರವಾಗಿಲ್ಲ. ನಾಲ್ವರಾದರೆ ಒಬ್ಬರು ಟೈಟ್ರೇಶನ್ ಮಾಡುತ್ತಾರೆ, ಮೂವರು ರೀಡಿಂಗ್ ಬರೆದುಕೊಳ್ಳುತ್ತಾರೆ.

ಎಂಜಿನಿಯರಿಂಗಿಗೆ ಹೋಗುವವರು ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯನ್ನೂ ವಿಚಾರಿಸಬೇಕು. ಅದು ಇಡೀ ಕಾಲೇಜಿಗಲ್ಲ, ಬ್ರಾಂಚಿಗೆ ಸಿಗುವಂಥದ್ದು. ಸಿವಿಲ್‌ಗೆ ಇದ್ದ ಮಾತ್ರಕ್ಕೆ ಕಂಪ್ಯೂಟರ್ ಸೈನ್ಸಿಗೂ ಇದೆ ಅಂತಲ್ಲ.